ಡಾರ್ಜಿಲಿಂಗ್‌ನ 'ಬಿ' ಕ್ಲಾಸ್ ಉಗಿಬಂಡಿ: ಲಕ್ಷಣ ನೋಡಿ ದೋಷ ಹಿಡಿಯುವ ಕೈಪಿಡಿ

ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸಿನಲ್ಲಿ ನೀರು ದಿಢೀರನೆ ಇಳಿದರೆ ಎದೆ ಧಸಕ್ಕೆನ್ನುತ್ತದೆ. ಚಕ್ರ ಗರಗರ ತಿರುಗಿಯೂ ಬಂಡಿ ನಿಂತಲ್ಲೇ ನಿಂತರೆ ಎಂಜಿನ್ ಕೆಟ್ಟಿತೇನೋ ಅನ್ನಿಸುತ್ತದೆ. ಡಾರ್ಜಿಲಿಂಗ್ ಹಿಮಾಲಯನ್ ರೈಲ್ವೆಯ ಬಿ ಕ್ಲಾಸ್ ಎಂಜಿನ್ನಿನಲ್ಲಿ ಇವೆರಡೂ ಎಷ್ಟೋ ಸಲ ದೋಷವೇ ಅಲ್ಲ, ಬೆಟ್ಟ ಆಡಿಸುವ ಆಟ. ಹಾಗಾಗಿ ಇಲ್ಲಿ ಯಾವ ಲಕ್ಷಣ ಕಂಡರೂ ಮೊದಲು ಕೇಳಬೇಕಾದ್ದು ಇಷ್ಟೇ: ಬಂಡಿ ಈಗ ಎಲ್ಲಿದೆ, ಅದರ ಮೂತಿ ಏರಿನ ಕಡೆಗಿದೆಯೋ ಇಳಿಜಾರಿನ ಕಡೆಗೋ? ಸ್ಪ್ಯಾನರ್ ಕೈಗೆತ್ತಿಕೊಳ್ಳುವುದು ಆಮೇಲೆ.

ಈ ಎಂಜಿನ್ ಯಾಕೆ ಹೀಗಿದೆ ಎಂದು ತಿಳಿದರೆ ಅರ್ಧ ದೋಷ ಹಿಡಿದಂತೆಯೇ. ಫ್ರಾಂಕ್ಲಿನ್ ಪ್ರೆಸ್ಟೇಜ್ ಎಂಬ ರೈಲ್ವೆ ಅಧಿಕಾರಿಯ ಯೋಜನೆಯಂತೆ 1879ರಲ್ಲಿ ಕೆಲಸ ಶುರುವಾಗಿ, 1881ರಲ್ಲಿ ರೈಲು ಡಾರ್ಜಿಲಿಂಗ್ ಮುಟ್ಟಿತು. ಹಳಿಯ ಅಗಲ ಬರೀ 2 ಅಡಿ. ಎತ್ತಿನ ಗಾಡಿ ಹತ್ತುತ್ತಿದ್ದ ಹಿಲ್ ಕಾರ್ಟ್ ರೋಡಿನ ಮಗ್ಗುಲಲ್ಲೇ ಹಳಿ ಹಾಕಿದರು. ಒಂದೇ ಒಂದು ಸುರಂಗವಿಲ್ಲ. ನಮ್ಮ ಊಟಿ ರೈಲಿಗಿರುವಂತೆ ಹಲ್ಲಿನ ಹಳಿಯೂ ಇಲ್ಲ. ನುಣುಪು ಹಳಿಯ ಮೇಲೆ ನುಣುಪು ಚಕ್ರವೇ ಸುಮಾರು 25 ಅಡಿಗೆ 1 ಅಡಿಯ ಏರನ್ನು ಹತ್ತಿ, 2,258 ಮೀಟರ್ ಎತ್ತರದಲ್ಲಿರುವ, ಈ ದಾರಿಯ ನೆತ್ತಿಯಾದ ಘೂಮ್ ಸ್ಟೇಷನ್ ತಲುಪಬೇಕು. ಮೊದಮೊದಲ ಪುಟ್ಟ ಎಂಜಿನ್‌ಗಳ ಶಕ್ತಿ ಸಾಲದಾದಾಗ, 1889ರಲ್ಲಿ ಗ್ಲಾಸ್ಗೋದ ಶಾರ್ಪ್ ಸ್ಟೀವರ್ಟ್ ಕಂಪನಿ ಬಿ ಕ್ಲಾಸ್ ಮಾಡಿ ಕಳಿಸಿತು. 1927ರವರೆಗೆ ಇದೇ ನಮೂನೆಯವು ಒಟ್ಟು 34 ಆದವು. ಮೂರು ಅಮೆರಿಕದ ಬಾಲ್ಡ್‌ವಿನ್ ಕಾರ್ಖಾನೆಯಲ್ಲಿ, ಇನ್ನು ಮೂರು ಅದೇ ಬೆಟ್ಟದ ತಿಂಧಾರಿಯಾ ವರ್ಕ್‌ಶಾಪಿನಲ್ಲೇ ತಯಾರಾದವು.

ಇರುವುದು ನಾಲ್ಕೇ ಚಕ್ರ, ತಲಾ 26 ಇಂಚು. ಮುಂದೆ ಹಿಂದೆ ಬಿಟ್ಟಿ ಚಕ್ರಗಳಿಲ್ಲ, ಸುಮಾರು 15 ಟನ್ ಭಾರವೆಲ್ಲ ಎಳೆಯುವ ಚಕ್ರಗಳ ಮೇಲೆಯೇ. ಸಿಲಿಂಡರಿನ ಬಾಯಿ 11 ಇಂಚು, ಪಿಸ್ಟನ್ ಓಡಾಟ 14 ಇಂಚು, ಬಾಯ್ಲರ್ ಪ್ರೆಷರ್ ಚದರ ಇಂಚಿಗೆ 140 ಪೌಂಡ್. ನೀರಿಗೆ ಎರಡು ಜಾಗ: ಬಾಯ್ಲರ್ ಬೆನ್ನಿಗೆ ಜೀನಿನಂತೆ ಹೊದಿಸಿದ ಟ್ಯಾಂಕು ಒಂದು, ಕೆಳಗೆ ಚೌಕಟ್ಟಿನ ನಡುವೆ ಇನ್ನೊಂದು. ಕಲ್ಲಿದ್ದಲು, ಚಾಲಕ ನಿಲ್ಲುವ ಕ್ಯಾಬಿನ ಮುಂದೆ, ಮೇಲ್ಗಡೆ. ಅದರ ಮೇಲೆ ಒಬ್ಬ ಸುತ್ತಿಗೆ ಹಿಡಿದು ಕೂತು, ಗುಂಡು ಇದ್ದಿಲನ್ನು ಮುಷ್ಟಿಗಾತ್ರಕ್ಕೆ ಒಡೆದು ಕೆಳಗೆ ಕೊಡುತ್ತಿರುತ್ತಾನೆ. ಜಾಗ ಉಳಿಸಲು ಮಾಡಿದ ಈ ಹೊಂದಾಣಿಕೆಗಳೇ ಮುಂದೆ ಒಂದೊಂದಾಗಿ ಲಕ್ಷಣಗಳಾಗಿ ಬರುತ್ತವೆ.

ಮೊದಲು ಒಂದು ಎಚ್ಚರಿಕೆ. ಮನೆಯ ಕುಕ್ಕರ್ ಸೀಟಿ ಹೊಡೆಯುವುದು ಹೆಚ್ಚುಕಡಿಮೆ 15 ಪೌಂಡಿಗೆ, ಇಲ್ಲಿರುವುದು ಅದರ ಒಂಬತ್ತು ಪಟ್ಟಿಗೂ ಮೇಲೆ. ಆ ಒತ್ತಡದಲ್ಲಿ ಬಾಯ್ಲರಿನೊಳಗಿನ ನೀರು ಸುಮಾರು 180 ಡಿಗ್ರಿ ಬಿಸಿ. ಸೋರುವ ಹಬೆ ಬಾಯಿಯ ಹತ್ತಿರ ಕಣ್ಣಿಗೆ ಕಾಣುವುದೂ ಇಲ್ಲ, ಬಿಳಿ ಮೋಡ ಶುರುವಾಗುವುದು ಒಂದು ಗೇಣು ಆಚೆ. ಸೋರಿಕೆ ಎಲ್ಲಿದೆ ಎಂದು ಬೆರಳಾಡಿಸಿ ಹುಡುಕಬೇಡಿ. ಕೆಳಗಿನ ಪರೀಕ್ಷೆಗಳು ತರಬೇತಿ ಪಡೆದ ಸಿಬ್ಬಂದಿಗೆ. ಉಳಿದವರಿಗೆ ಇದು ನೋಡಿ ಅರ್ಥಮಾಡಿಕೊಳ್ಳಲಿಕ್ಕೆ.

ಗೇಜ್ ಗ್ಲಾಸಿನಲ್ಲಿ ನೀರು ಒಮ್ಮೆಲೇ ಇಳಿಯಿತು

ಮೊದಲಿಗೆ ಕಿಟಕಿಯಿಂದಾಚೆ ನೋಡಿ. ಬಂಡಿ ಈಗಷ್ಟೇ 'ರಿವರ್ಸ್' ದಾಟಿತೆ? ತಿರುವಿಗೆ ಜಾಗ ಸಾಲದ ಕಡೆ ಈ ಹಳಿ ಇಂಗ್ಲಿಷಿನ ಝಡ್ ಅಕ್ಷರದಂತೆ ಮಡಚಿಕೊಳ್ಳುತ್ತದೆ. ಮೂತಿ ಮುಂದಾಗಿ ಹತ್ತಿದ ಬಂಡಿ, ಅಲ್ಲಿಂದ ಹಿಮ್ಮುಖವಾಗಿ ಹತ್ತಿ, ಮತ್ತೆ ಮುಂದಕ್ಕೆ ಹೊರಳುತ್ತದೆ. ಹಿಮ್ಮುಖವಾಗಿ ಏರುವ ಹೊತ್ತಿನಲ್ಲಿ ಚಿಮಣಿ ಕೆಳಗೆ, ಕ್ಯಾಬ್ ಮೇಲೆ. ಬಾಯ್ಲರಿನ ನೀರು ಚಿಮಣಿ ಕಡೆಗೆ ಓಡುತ್ತದೆ. ಗೇಜ್ ಗ್ಲಾಸ್ ಇರುವುದು ಕ್ಯಾಬಿನ ತುದಿಯಲ್ಲಾದ್ದರಿಂದ ಅದರಲ್ಲಿ ನೀರು ಇಳಿದು ಕಾಣುತ್ತದೆ.

ಎಷ್ಟು ಇಳಿಯುತ್ತದೆ? 25ಕ್ಕೆ 1ರ ಏರಿನಲ್ಲಿ ಬಾಯ್ಲರಿನ ಒಂದೊಂದು ಮೀಟರ್ ಉದ್ದಕ್ಕೆ 4 ಸೆಂಟಿಮೀಟರ್ ವ್ಯತ್ಯಾಸ. ಮೂತಿ ಮೇಲಿದ್ದಾಗ ಒಂದು ಕಡೆಗೆ ವಾಲಿದ್ದು, ಮೂತಿ ಕೆಳಗಾದಾಗ ಇನ್ನೊಂದು ಕಡೆಗೆ ವಾಲುವುದರಿಂದ ಕಣ್ಣಿಗೆ ಕಾಣುವ ಜಿಗಿತ, ಸಮತಟ್ಟಿನಿಂದ ಏರಿಗೆ ಬಂದಾಗ ಕಾಣುವುದರ ಎರಡರಷ್ಟು. ನೀರು ಎಲ್ಲಿಗೂ ಹೋಗಿಲ್ಲ, ತಟ್ಟೆಯಲ್ಲಿನ ಸಾರು ವಾಲಿದಂತೆ ವಾಲಿದೆ ಅಷ್ಟೆ.

ಹಾಗೆಂದು ನಿರಾಳವಾಗಿ ಕೂರುವಂತಿಲ್ಲ. ಕ್ಯಾಬಿನ ತುದಿಯಲ್ಲೇ ಬೆಂಕಿ ಉರಿಯುವ ಫೈರ್‌ಬಾಕ್ಸ್ ಇರುವುದು. ಅದರ ನೆತ್ತಿಯ ತಗಡನ್ನು ಕೆಳಗಿನಿಂದ ಬೆಂಕಿ ನೆಕ್ಕುತ್ತಿದ್ದರೆ, ಮೇಲಿನಿಂದ ನೀರು ಕಾಪಾಡುತ್ತಿರುತ್ತದೆ. ಗ್ಲಾಸಿನಲ್ಲಿ ನೀರು ಇಳಿದಿದೆ ಎಂದರೆ ಆ ನೆತ್ತಿಯ ಮೇಲಿನ ನೀರೂ ನಿಜವಾಗಿಯೇ ತೆಳುವಾಗಿದೆ. ಘೂಮ್ ದಾಟಿ ಡಾರ್ಜಿಲಿಂಗ್ ಕಡೆಗೆ ಚಿಮಣಿ ಮುಂದಾಗಿ ಇಳಿಯುವಾಗಲೂ ಇದೇ ಕತೆ, ಇನ್ನೂ ಹೆಚ್ಚು ಹೊತ್ತು. ಏರು ಹತ್ತುವಾಗ ಗ್ಲಾಸಿನಲ್ಲಿ ಅರ್ಧ ಇದೆಯಲ್ಲ ಸಾಕು ಎಂದುಕೊಂಡವನಿಗೆ ಬೆಟ್ಟದ ನೆತ್ತಿಯಾಚೆ ಇಳಿಜಾರು ಸಿಕ್ಕಾಗ ಗ್ಲಾಸ್ ಖಾಲಿ. ಅನುಭವಿ ಫೈರ್‌ಮನ್ ನೀರು ಹಾಕುವುದು ಇಂದಿನ ಏರಿಗಲ್ಲ, ಮುಂದಿನ ಇಳಿಜಾರಿಗೆ.

ಸಮತಟ್ಟಿನಲ್ಲೂ ಗ್ಲಾಸ್ ಅನುಮಾನ ಹುಟ್ಟಿಸಿದರೆ ಪರೀಕ್ಷೆ ಸುಲಭ, ಖರ್ಚಿಲ್ಲ. ಗ್ಲಾಸಿನ ಕೆಳಗಿನ ಡ್ರೈನ್ ಕಾಕ್ ತೆರೆಯಿರಿ, ನೀರು ಪೂರ್ತಿ ಹೋಗಲಿ, ಮುಚ್ಚಿ. ನೀರು ಚಟ್ಟನೆ ಮೇಲೇರಿ ಕುಣಿದು ನಿಂತರೆ ದಾರಿ ಸ್ವಚ್ಛ. ತೂಕಡಿಸುತ್ತ ಏರಿದರೆ ಕೆಳಗಿನ ಅಥವಾ ಮೇಲಿನ ದಾರಿಯಲ್ಲಿ ಕಿಟ್ಟ ಕಟ್ಟಿದೆ, ಅದು ತೋರಿಸುವ ಮಟ್ಟವನ್ನು ನಂಬಬೇಡಿ. ಅಲುಗಾಡದೆ ಒಂದೇ ಕಡೆ ನಿಂತ ನೀರೂ ಒಳ್ಳೆಯ ಲಕ್ಷಣವಲ್ಲ. ಓಡುವ ಎಂಜಿನ್ನಿನ ಗ್ಲಾಸಿನಲ್ಲಿ ನೀರು ಸದಾ ಮಿಡಿಯುತ್ತಿರಬೇಕು.

ನಿಲ್ಲಿಸಬೇಕಾದ್ದು ಯಾವಾಗ: ಗ್ಲಾಸ್ ಪರೀಕ್ಷಿಸಿದ ಮೇಲೂ ನೀರು ಕಾಣುತ್ತಿಲ್ಲವೆಂದರೆ ಬೆಂಕಿ ತೆಗೆಯಿರಿ, ಚರ್ಚೆ ಬೇಡ. ಫೈರ್‌ಬಾಕ್ಸಿನ ನೆತ್ತಿಯಲ್ಲಿ ಸೀಸದ ಪ್ಲಗ್ ಕೂರಿಸಿರುವುದು ಇದಕ್ಕೇ. ನೀರಿನಡಿ ಇರುವವರೆಗೆ ತಗಡಿನ ಬಿಸಿ ಸೀಸ ಕರಗುವ 327 ಡಿಗ್ರಿಯ ಹತ್ತಿರಕ್ಕೂ ಹೋಗುವುದಿಲ್ಲ. ನೀರು ಬತ್ತಿದರೆ ಸೀಸ ಕರಗಿ, ಹಬೆ ಬೆಂಕಿಯ ಮೇಲೆ ಭುಸ್ಸೆಂದು ನುಗ್ಗುತ್ತದೆ. ಪ್ಲಗ್ ಹೋದರೆ ಎಂಜಿನ್ ಕೆಟ್ಟಿತೆಂದು ಶಪಿಸುವವರಿದ್ದಾರೆ. ಕೆಟ್ಟದ್ದು ಕಾವಲು, ಪ್ಲಗ್ ತನ್ನ ಕೆಲಸ ಮಾಡಿದೆ. ಗಾಬರಿಯಲ್ಲಿ ಕಾದ ತಗಡಿನ ಮೇಲೆ ತಣ್ಣೀರು ಬಿಡುವ ತಪ್ಪು ಮಾತ್ರ ಮಾಡಬೇಡಿ.

ಇಂಜೆಕ್ಟರ್ ನೀರು ಹಿಡಿಯುತ್ತಿಲ್ಲ, ಕೆಳಗೆ ಉಗುಳುತ್ತಿದೆ

1858ರಲ್ಲಿ ಫ್ರಾನ್ಸಿನ ಆನ್ರಿ ಜಿಫಾರ್ ಕಂಡುಹಿಡಿದ ಈ ಸಾಧನದಲ್ಲಿ ಓಡಾಡುವ ಪಿಸ್ಟನ್ ಇಲ್ಲ, ಚಕ್ರವಿಲ್ಲ. ಬಾಯ್ಲರಿನದೇ ಹಬೆ ಕಿರಿದಾದ ಕೊಳವೆಯಿಂದ ರಭಸವಾಗಿ ಹೊಮ್ಮಿ, ತಣ್ಣೀರಿಗೆ ಸೋಕಿ ತಾನೂ ನೀರಾಗಿ, ಆ ವೇಗದಲ್ಲೇ ನೀರನ್ನು ತಾನು ಹೊರಟ ಬಾಯ್ಲರಿಗೇ ವಾಪಸ್ ನುಗ್ಗಿಸುತ್ತದೆ. ಎಷ್ಟು ಸಲ ಓದಿದರೂ ನನಗಿದು ಸ್ವಲ್ಪ ಮೋಸದ ಲೆಕ್ಕದಂತೆಯೇ ಕಾಣುತ್ತದೆ. ಗುಟ್ಟಿರುವುದು 'ತಣ್ಣೀರು' ಎಂಬಲ್ಲಿ. ನೀರು ಬಿಸಿಯಿದ್ದರೆ ಹಬೆ ಪೂರ್ತಿ ನೀರಾಗುವುದಿಲ್ಲ, ಇಂಜೆಕ್ಟರ್ ಹಿಡಿತ ಬಿಡುತ್ತದೆ.

ಬೆನ್ನ ಮೇಲಿನ ಟ್ಯಾಂಕು ಬಾಯ್ಲರಿಗೆ ಅಂಟಿಕೊಂಡೇ ಇರುವುದು. ಸ್ಟೇಷನ್ನಿನಲ್ಲಿ ತುಂಬಾ ಹೊತ್ತು ನಿಂತರೆ ಒಳಗಿನ ನೀರು ಕಾಯುತ್ತದೆ. ಹಾಗಾಗಿ ಬಿಚ್ಚುವ ಮೊದಲು ಟ್ಯಾಂಕಿನ ಹೊರಮೈಗೆ ಅಂಗೈ ತಾಗಿಸಿ. ಕೈ ಇಡಲಾಗದಷ್ಟು ಬಿಸಿಯಿದ್ದರೆ ಇಂಜೆಕ್ಟರಿನ ತಪ್ಪಿಲ್ಲ, ಹೊಸ ನೀರು ತುಂಬಿಸಿ. ಆಮೇಲೆ ನೋಡಬೇಕಾದ್ದು: ಟ್ಯಾಂಕಿನಲ್ಲಿ ನೀರಿದೆಯೇ (ನಗಬೇಡಿ), ಜಾಲರಿಗೆ ಎಲೆ, ಪಾಚಿ ಕಟ್ಟಿದೆಯೇ, ನೀರಿನ ಕಾಕ್ ಮೊದಲು ತೆರೆದು ಹಬೆ ಆಮೇಲೆ ಬಿಟ್ಟಿರಾ. ಇಂಜೆಕ್ಟರೇ ಸುಡುತ್ತಿದ್ದರೆ ಅದರ ಮೈಮೇಲೆ ಒಂದು ಚೊಂಬು ತಣ್ಣೀರು ಹೊಯ್ಯುವುದು ಹಳಬರ ಉಪಾಯ, ಇಂದಿಗೂ ನಡೆಯುತ್ತದೆ. ನೀರು, ಹಬೆ ಎರಡೂ ಮುಚ್ಚಿದ್ದಾಗಲೂ ಕೊಳವೆ ಕುದಿಯುವಷ್ಟು ಬಿಸಿಯಿದ್ದರೆ ಬಾಯ್ಲರಿನ ನೀರು ವಾಪಸ್ ಬರದಂತೆ ತಡೆಯುವ, ಬಾಯ್ಲರ್ ತುದಿಯ ಕ್ಲ್ಯಾಕ್ ವಾಲ್ವಿನಡಿ ಏನೋ ಸಿಕ್ಕಿಕೊಂಡಿದೆ. ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಬಹುದು, ಪ್ರೆಷರ್ ಇರುವಾಗ ಬಿಚ್ಚುವಂತಿಲ್ಲ.

ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದೇ ಎರಡು ಇಂಜೆಕ್ಟರ್ ಇರುವುದು. ಎರಡೂ ಹಿಡಿಯದಿದ್ದರೆ ಬಂಡಿ ಮುಂದಕ್ಕೆ ಹೋಗಬಾರದು.

ಪ್ರೆಷರ್ ಏರುತ್ತಿಲ್ಲ

ಬಚ್ಚಲಮನೆಯ ಹಂಡೆಯೊಲೆಗೆ ಉರಿ ಹಾಕಿದವರಿಗೆ ಇದರ ಮುಕ್ಕಾಲು ಪಾಲು ಗೊತ್ತೇ ಇದೆ. ಹಂಡೆಯೊಲೆಗೆ ಊದುಗೊಳವೆ, ಎಂಜಿನ್ನಿಗೆ ಬ್ಲಾಸ್ಟ್ ಪೈಪ್. ಸಿಲಿಂಡರಿನಲ್ಲಿ ಕೆಲಸ ಮುಗಿಸಿದ ಹಬೆ ಚಿಮಣಿಯ ಕೆಳಗಿನಿಂದ ಮೇಲಕ್ಕೆ ಚಿಮ್ಮುವಾಗ ಹೊಗೆಯನ್ನೂ ಎಳೆದೊಯ್ಯುತ್ತದೆ, ಆ ಎಳೆತಕ್ಕೆ ಬೆಂಕಿಯೊಳಗೆ ಹೊಸ ಗಾಳಿ ನುಗ್ಗುತ್ತದೆ. ಬಂಡಿ ಕಷ್ಟಪಟ್ಟಷ್ಟೂ ಉರಿ ಜೋರಾಗುತ್ತದೆ.

ಮೊದಲು ಹೊಗೆಯ ಬಣ್ಣ ನೋಡಿ. ಕಡುಗಪ್ಪು ಹೊಗೆ ನಿಲ್ಲದೆ ಬರುತ್ತಿದ್ದರೆ ಇದ್ದಿಲು ಜಾಸ್ತಿ, ಗಾಳಿ ಕಮ್ಮಿ. ಬೆಂಕಿಗೆ ಕೆಳಗಿನಿಂದ ಗಾಳಿ ಬಿಡುವ ಡ್ಯಾಂಪರ್ ತೆರೆದಿದೆಯೇ, ಬೂದಿತಟ್ಟೆ ತುಂಬಿದೆಯೇ ನೋಡಿ. ಹೊಗೆಯೇ ಕಾಣದೆ ಪ್ರೆಷರೂ ಇಳಿಯುತ್ತಿದ್ದರೆ ಬೆಂಕಿ ತೆಳುವಾಗಿ ಎಲ್ಲೋ ತೂತು ಬಿದ್ದಿದೆ, ಅದರಿಂದ ತಣ್ಣನೆಯ ಗಾಳಿ ಬಾಯ್ಲರಿನೊಳಗೆ ಹೊಗೆ ಹಾಯುವ ಟ್ಯೂಬುಗಳಿಗೆ ನೇರ ನುಗ್ಗುತ್ತಿದೆ. ತೆಳು ಬೂದುಬಣ್ಣದ ಹೊಗೆ ಬರುತ್ತಿದ್ದರೆ ಬೆಂಕಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ದೋಷ ಬೇರೆ ಕಡೆ ಹುಡುಕಿ.

ಮುಂದಿನದು ಕ್ಲಿಂಕರ್. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಪಾಲು ಹೆಚ್ಚು. ಬೂದಿ ಕರಗಿ, ಬೆಂಕಿಯ ತಳದ ಜಾಲರಿಯ ಮೇಲೆ ಗಾಜಿನ ಹಪ್ಪಳದಂತೆ ಹಾಸಿಕೊಳ್ಳುತ್ತದೆ. ಮೇಲೆ ಉರಿ ಚೆನ್ನಾಗಿಯೇ ಕಾಣುತ್ತದೆ, ಕೆಳಗಿನಿಂದ ಗಾಳಿ ಬರದು. ಗುರುತು ಹೀಗೆ: ಕೆಳಗೆ ಬಗ್ಗಿ ಬೂದಿತಟ್ಟೆಯತ್ತ ನೋಡಿದರೆ ಜಾಲರಿಯ ಸಂದುಗಳಲ್ಲಿ ಕೆಂಪು ಬೆಳಕು ಬೀಳಬೇಕು. ಒಂದು ಭಾಗ ಕತ್ತಲಾಗಿದ್ದರೆ ಕ್ಲಿಂಕರ್ ಅಲ್ಲೇ ಇದೆ. ಉದ್ದ ಸಲಾಕೆಯಿಂದ ಎಬ್ಬಿಸಿ ಹೊರಗೆಳೆಯಬೇಕು. (ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಹೋದವರು ತಣ್ಣಗೆ ನಿಂತ ಉಗಿಬಂಡಿಯ ಪಕ್ಕ ಮಂಡಿಯೂರಿ ಒಮ್ಮೆ ಕೆಳಗೆ ನೋಡಿ, ಎಷ್ಟು ಇಕ್ಕಟ್ಟೆಂದು ತಿಳಿಯುತ್ತದೆ.)

ಆಮೇಲಿನದು ಸ್ಮೋಕ್‌ಬಾಕ್ಸ್, ಅಂದರೆ ಚಿಮಣಿಯ ಕೆಳಗಿನ ಹೊಗೆಗೂಡಿನ ಬಾಗಿಲು. ಅದು ಬಿಗಿಯಾಗಿ ಕೂತಿರದಿದ್ದರೆ ಎಳೆತವೆಲ್ಲ ಅಲ್ಲೇ ಪೋಲು. ಅಂಚಿನಲ್ಲಿ ಬಣ್ಣ ಸುಟ್ಟು ಬಿಳಿಚಿದ ಕಲೆ ಇದ್ದರೆ ಗಾಳಿ ಒಳಗೆ ನುಗ್ಗಿ ಕೆಂಡದ ಪುಡಿ ಅಲ್ಲಿ ಉರಿದಿದೆ. ಹಿಡಿಕೆ ಬಿಗಿ ಮಾಡಿದರೆ ಎಷ್ಟೋ ಸಲ ಮುಗಿಯಿತು. ಟ್ಯೂಬ್ ಕಟ್ಟಿರುವುದು, ಬ್ಲಾಸ್ಟ್ ಪೈಪಿನ ಬಾಯಿ ಚಿಮಣಿಯ ನಡುವಿಗೆ ಸರಿಯಾಗಿ ಕೂರದಿರುವುದು ಇತ್ಯಾದಿ ಎಂಜಿನ್ ತಣ್ಣಗಾದ ಮೇಲಿನ ಶೆಡ್ಡಿನ ಕೆಲಸ.

ಸುಡುವ ಎಚ್ಚರಿಕೆ ಒಂದಿದೆ. ಸಿಲಿಂಡರಿಗೆ ಹಬೆ ಬಿಡುವ ರೆಗ್ಯುಲೇಟರ್ ಮುಚ್ಚಿದ ಗಳಿಗೆಗೆ ಬ್ಲಾಸ್ಟ್ ನಿಲ್ಲುತ್ತದೆ, ಎಳೆತ ಇಲ್ಲದ ಉರಿ ಬಾಗಿಲಿನಿಂದ ಕ್ಯಾಬಿನೊಳಗೆ ನಾಲಗೆ ಚಾಚುತ್ತದೆ. ಈ ಪುಟ್ಟ ಕ್ಯಾಬಿನಲ್ಲಿ ಹಿಂದೆ ಸರಿಯಲು ಜಾಗವಿಲ್ಲ. ಮೊದಲು ಬ್ಲೋಯರ್ (ಬಾಯ್ಲರಿನ ಹಬೆಯನ್ನೇ ಚಿಮಣಿಗೆ ಬಿಟ್ಟು ಎಳೆತ ಉಳಿಸುವ ಕೊಳವೆ) ತೆರೆಯಿರಿ, ಆಮೇಲೆ ರೆಗ್ಯುಲೇಟರ್ ಮುಚ್ಚಿ. ಈ ಕ್ರಮ ತಪ್ಪಬಾರದು.

ಚಕ್ರ ತಿರುಗುತ್ತಿದೆ, ಬಂಡಿ ಹೋಗುತ್ತಿಲ್ಲ

ಇದು ದೋಷವೇ ಅಲ್ಲ, ಹವಾಮಾನ. ಹಲ್ಲಿಲ್ಲದ ಹಳಿಯ ಮೇಲೆ ಏರು ಹತ್ತಬೇಕೆಂದೇ ಎಲ್ಲ ಭಾರವನ್ನೂ ನಾಲ್ಕು ಚಕ್ರಗಳ ಮೇಲೆ ಹೇರಿರುವುದು. ಆದರೂ ಘೂಮ್ ಕಡೆಯ ಮಂಜು, ಜಿಟಿಜಿಟಿ ಮಳೆ, ಹಳಿ ದಾಟಿದ ಜೀಪು ಬಿಟ್ಟುಹೋದ ಎಣ್ಣೆಯ ಹನಿ, ಇಷ್ಟು ಸಾಕು ಹಿಡಿತ ತಪ್ಪಲು. ಅದಕ್ಕೇ ಎಂಜಿನ್ನಿನ ಮುಂದಿನ ಅಡ್ಡಪಟ್ಟಿಯ ಮೇಲೆ ಇಬ್ಬರು ಕೂತು, ಬಗ್ಗಿ, ಎಡಕ್ಕೊಬ್ಬ ಬಲಕ್ಕೊಬ್ಬ ಹಳಿಗೆ ಕೈಯಿಂದಲೇ ಮರಳು ಉದುರಿಸುತ್ತಾರೆ. ರಂಗೋಲಿಯ ಎಳೆ ಬಿಟ್ಟಂತೆ ತೆಳ್ಳಗೆ, ಬೆರಳ ಸಂದಿನಿಂದ.

ಜಾರಿದಾಗ ಮೊದಲು ರೆಗ್ಯುಲೇಟರ್ ಮುಚ್ಚಿ. ಚಕ್ರ ಗಿರಗಿರನೆ ತಿರುಗುತ್ತಿರುವಾಗಲೇ ಮರಳು ಸುರಿದರೆ ಅದು ಗಕ್ಕನೆ ಹಿಡಿದು ರಾಡುಗಳು ಬಾಗಬಹುದು. ತಿರುಗುವುದು ನಿಂತ ಮೇಲೆ ಮರಳು, ಆಮೇಲೆ ಮೆತ್ತಗೆ ಹಬೆ. ಮರಳು ಒದ್ದೆಯಿದ್ದರೆ ಉಪಯೋಗವಿಲ್ಲ, ಮುದ್ದೆಯಾಗಿ ಬೀಳುತ್ತದೆ. ಒಣ ಹಳಿಯ ಮೇಲೂ ಜಾರುತ್ತಿದ್ದರೆ ಮಾತ್ರ ಚಕ್ರದ ಟೈರು ಸವೆದಿರುವುದು, ಬೋಗಿಯ ಬ್ರೇಕ್ ಬಿಡದೆ ಹಿಡಿದಿರುವುದು, ಇವನ್ನು ನೋಡಿ. ನನ್ನ ಕೇಳಿದರೆ ಬ್ರೇಕ್ ಮೊದಲು.

ಚಿಮಣಿಯಿಂದ ಕೊಳಕು ನೀರು ಚಿಮ್ಮುತ್ತಿದೆ

ಬಾಯ್ಲರಿನ ನೀರು ಹಾಲುಕ್ಕಿದಂತೆ ಉಕ್ಕಿ, ಹಬೆಯ ಜೊತೆ ಸಿಲಿಂಡರಿಗೆ ಹೋಗುತ್ತಿದೆ. ಹಬೆಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಪಿಸ್ಟನ್ ಮುಂದೆ ಬಂದಾಗ ಜಾಗವಿಲ್ಲದ ನೀರು ಸಿಲಿಂಡರಿನ ಮುಚ್ಚಳವನ್ನೇ ಒಡೆಯಬಲ್ಲದು. ಆದ್ದರಿಂದ ಕಾರಣ ಹುಡುಕುವ ಮೊದಲು ಸಿಲಿಂಡರಿನ ಎರಡೂ ತುದಿಯಿಂದ ನೀರು ಹೊರಬಿಡುವ ಸಿಲಿಂಡರ್ ಕಾಕ್ ತೆರೆಯಿರಿ, ರೆಗ್ಯುಲೇಟರ್ ಅರ್ಧಕ್ಕೆ ಇಳಿಸಿ. ಪಕ್ಕದಲ್ಲಿ ಜನರಿದ್ದರೆ ಕೂಗಿ ಹೇಳಿ. ಈ ಹಳಿ ಅಂಗಡಿಯ ಜಗಲಿಗೆ ಸವರಿಕೊಂಡೇ ಹೋಗುತ್ತದೆ, ಕಾಕಿನ ಬಿಸಿ ನೀರು ಅವರ ಕಾಲಿಗೇ.

ಮುಖ್ಯ ಕಾರಣ ಎರಡು. ಇಳಿಜಾರಿಗೆಂದು ನೀರು ತುಂಬಿಸುವ ಭರದಲ್ಲಿ ಅತಿಯಾಗಿ ತುಂಬಿದ್ದು ಒಂದು. ನೀರೇ ಕೆಟ್ಟಿರುವುದು ಇನ್ನೊಂದು. ಹಬೆ ಹೋಗುತ್ತದೆ, ಲವಣ ಉಳಿಯುತ್ತದೆ, ದಿನದಿನಕ್ಕೆ ಬಾಯ್ಲರಿನ ನೀರು ಗಟ್ಟಿಯಾಗಿ ನೊರೆ ಕಟ್ಟುತ್ತದೆ. ಬೋರ್‌ವೆಲ್ ನೀರು ಕಾಯಿಸುವ ಪಾತ್ರೆಯ ತಳ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಮಟ್ಟ ಸರಿಯಿದ್ದೂ ಉಕ್ಕುತ್ತಿದ್ದರೆ ಬಾಯ್ಲರ್ ತೊಳೆಯುವ ದಿನ ಮೀರಿದೆ ಎಂದರ್ಥ.

ಸದ್ದು ಕುಂಟುತ್ತಿದೆ

ಎರಡು ಸಿಲಿಂಡರ್, ಒಂದೊಂದಕ್ಕೂ ಎರಡು ಮುಖ. ಹಾಗಾಗಿ ಚಕ್ರ ಒಂದು ಸುತ್ತು ಬಂದರೆ ಚಿಮಣಿಯಲ್ಲಿ ನಾಲ್ಕು 'ಛುಕ್'. 26 ಇಂಚಿನ ಚಕ್ರ ಒಂದು ಸುತ್ತಿಗೆ ಹೋಗುವುದು 2 ಮೀಟರಿಗೆ ತುಸು ಹೆಚ್ಚು. ಗಂಟೆಗೆ 5 ಕಿಲೋಮೀಟರಿನಲ್ಲಿ ತೆವಳುವಾಗ ಮೂರು ಸೆಕೆಂಡಿಗೆ ಎಂಟು ಬಡಿತ, ಬೆರಳು ಮಡಚಿ ಎಣಿಸಬಹುದು. ತಾಳ ಹಿಡಿದಂತೆ ನಾಲ್ಕೂ ಸಮ ಇರಬೇಕು.

ನಾಲ್ಕರಲ್ಲಿ ಒಂದು ಸಣ್ಣಗಾಗಿದ್ದರೆ ಸಿಲಿಂಡರಿನ ಎರಡೂ ಮುಖಕ್ಕೆ ಹಬೆ ಹಂಚುವ ಆ ಪಕ್ಕದ ವಾಲ್ವ್ ತನ್ನ ಜಾಗ ಬಿಟ್ಟಿದೆ. ಬಡಿತಗಳ ನಡುವೆ 'ಸ್ಸ್ಸ್' ಎಂದು ಎಳೆದರೆ ಎಲ್ಲೋ ಹಬೆ ನುಸುಳುತ್ತಿದೆ. ಯಾವ ಪಕ್ಕ, ವಾಲ್ವೋ ಪಿಸ್ಟನ್ ರಿಂಗೋ ಎಂದು ಬಿಚ್ಚದೆಯೇ ತಿಳಿಯಬಹುದು. ಸಮತಟ್ಟಿನಲ್ಲಿ ನಿಲ್ಲಿಸಿ, ಬ್ರೇಕ್ ಬಿಗಿಯಾಗಿ ಹಾಕಿ, ಚಕ್ರಕ್ಕೆ ದಿಮ್ಮಿ ಕೊಟ್ಟು, ಪರೀಕ್ಷಿಸುವ ಪಕ್ಕದ ಕ್ರ್ಯಾಂಕ್ (ಚಕ್ರಕ್ಕೆ ರಾಡ್ ಜೋಡಿಸಿದ ಜಾಗ) ನೇರ ಮೇಲೆ ಅಥವಾ ಕೆಳಗೆ ಬರುವಂತೆ ಇರಿಸಿ. ಬಂಡಿ ಮುಂದಕ್ಕೋ ಹಿಂದಕ್ಕೋ ಎಂದು ಬದಲಿಸುವ ರಿವರ್ಸ್ ಲಿವರ್ ನಡುವಿಗೆ ತನ್ನಿ, ಸಿಲಿಂಡರ್ ಕಾಕ್ ತೆರೆದಿರಲಿ. ಆಗ ಆ ಪಕ್ಕದ ವಾಲ್ವ್ ಎರಡೂ ಬಾಯಿ ಮುಚ್ಚಿ ಕೂತಿರುತ್ತದೆ. ಸ್ವಲ್ಪವೇ ಹಬೆ ಬಿಡಿ. ಆ ಪಕ್ಕದ ಕಾಕಿನಲ್ಲಿ ಹಬೆ ಬಂದರೆ ಸ್ಲೈಡ್ ವಾಲ್ವಿನ ಮುಖ ಸವೆದಿದೆ. ಬರದಿದ್ದರೆ ಲಿವರನ್ನು ಮುಂದಕ್ಕೆ ಹಾಕಿ: ಈಗ ಒಂದೇ ಕಾಕಿನಲ್ಲಿ ಬರಬೇಕು. ಎರಡರಲ್ಲೂ ಬಂದರೆ ರಿಂಗ್ ದಾಟಿ ಹಬೆ ಹೋಗುತ್ತಿದೆ.

ವಾಲ್ವ್ ಆಡಿಸುವ ಕಡ್ಡಿಗಳ ಏರ್ಪಾಡು ಬೆಲ್ಜಿಯಂನ ಎಗಿಡ್ ವಾಲ್ಷಾರ್ಟ್ಸ್ 1844ರಲ್ಲಿ ರೂಪಿಸಿದ ನಮೂನೆ. ಎಲ್ಲ ಹೊರಗಡೆಯೇ ಕಾಣುವಂತಿರುವುದು ಪುಣ್ಯ. ಯಾವ ಪಿನ್ ಸಡಿಲವೆಂದು ಕೈಯಲ್ಲಿ ಅಲುಗಾಡಿಸಿ ನೋಡಬಹುದು, ಬಂಡಿ ನಿಂತಿರುವಾಗ ಮಾತ್ರ.

ಸುಟ್ಟ ಎಣ್ಣೆಯ ವಾಸನೆ

ಎಣ್ಣೆಬಟ್ಟಲಿನ ಮುಚ್ಚಳ ತೆಗೆದು ನೋಡಿ. ಒಳಗೆ ಉಣ್ಣೆ ನೂಲಿನ ಬತ್ತಿ ಇರುತ್ತದೆ. ದೀಪದ ಬತ್ತಿ ಎಣ್ಣೆ ಏರಿಸುವಂತೆ ಇದೂ ಎಣ್ಣೆಯನ್ನು ಹೀರಿ, ಕೊಳವೆಗೆ ಇಳಿಸಿ, ಹನಿಹನಿಯಾಗಿ ಬೇರಿಂಗಿಗೆ ಮುಟ್ಟಿಸುತ್ತದೆ. ಬತ್ತಿ ಜಾರಿದ್ದರೆ, ಮಸಿ ಹಿಡಿದಿದ್ದರೆ, ಬಟ್ಟಲಿಗೆ ಮಳೆನೀರು ಸೇರಿದ್ದರೆ ಎಣ್ಣೆ ಹೋಗದು. ಹೊಸ ಬತ್ತಿಗೆ ಕಾಸೂ ಹಿಡಿಯುವುದಿಲ್ಲ. ಬೇರಿಂಗಿನ ಬಿಳಿ ಲೋಹ ಕರಗಿ ಅಂಚಿನಲ್ಲಿ ಬೆಳ್ಳಗೆ ಇಣುಕುತ್ತಿದ್ದರೆ ಬತ್ತಿಯ ಕಾಲ ಮುಗಿಯಿತು, ಬಂಡಿಯನ್ನು ಇನ್ನೊಂದು ಎಂಜಿನ್ ಎಳೆದೊಯ್ಯಲಿ.

ಫೈರ್‌ಬಾಕ್ಸಿನೊಳಗೆ ಚುರ್ ಚುರ್ ಸದ್ದು

ಒಂದೆರಡು ಟ್ಯೂಬಿನ ಬಾಯಿ ಬೆವರುವುದುಂಟು. ಹೊಸದಾಗಿ ಬೆಂಕಿ ಹಾಕಿದಾಗ ಒಸರಿ, ಲೋಹ ಹಿಗ್ಗಿದ ಮೇಲೆ ತಾನೇ ನಿಲ್ಲುತ್ತದೆ. ನಿಲ್ಲದೆ ಇದ್ದಿಲನ್ನು ನಂದಿಸುವಷ್ಟು ಸೋರಿದರೆ ಶೆಡ್ಡಿಗೆ ಹಿಂದಿರುಗಿ.

ಫೈರ್‌ಬಾಕ್ಸಿನ ಒಳತಗಡನ್ನೂ ಹೊರತಗಡನ್ನೂ ಹಿಡಿದಿರುವ ಸ್ಟೇ ಬೋಲ್ಟುಗಳ ಮಾತು ಬೇರೆ. ಕೆಲವದರ ತುದಿಯಲ್ಲಿ ಸಣ್ಣ ತೂತು ಕೊರೆದಿರುತ್ತಾರೆ, ಬೋಲ್ಟ್ ಒಳಗೆ ತುಂಡಾದರೆ ಆ ತೂತಿನಲ್ಲಿ ಹಬೆ ಬಂದು ಚಾಡಿ ಹೇಳಲಿ ಎಂದು. ಆ ತೂತಿಗೆ ಮೊಳೆ ಜಡಿದು ಸದ್ದು ನಿಲ್ಲಿಸುವ ಜಾಣತನ ಬೇಡ. ಒಂದು ಬೋಲ್ಟ್ ಹೊತ್ತ ಭಾರ ಈಗ ಪಕ್ಕದ ನಾಲ್ಕರ ಮೇಲಿದೆ. ಬೆಂಕಿ ಇಳಿಸಿ, ಡ್ಯಾಂಪರ್ ಮುಚ್ಚಿ, ತಾನಾಗಿ ತಣಿಯಲು ಬಿಡಿ, ನೀರು ಹೊಯ್ದು ಅವಸರ ಮಾಡಬೇಡಿ. ಸೋರಿದ ಬೋಲ್ಟಿನ ಸುತ್ತ ಸೀಮೆಸುಣ್ಣದಲ್ಲಿ ಒಂದು ಸುತ್ತು ಬರೆದು, ಎಷ್ಟು ಪ್ರೆಷರಿನಲ್ಲಿ ಸದ್ದು ಶುರುವಾಯಿತೆಂದು ಪುಸ್ತಕದಲ್ಲಿ ಗುರುತಿಸಿಡಿ. ಬಾಯ್ಲರ್ ಇನ್‌ಸ್ಪೆಕ್ಟರ್ ಬಂದಾಗ ಮೊದಲು ಕೇಳುವುದು ಅದನ್ನೇ.